ಪಟ್ಟು ಹಾಕುವವನಿಗೆ ಪಾಲೆಷ್ಟು?

ಇಬ್ಬರು ಜಟ್ಟಿಗಳು ನೆಲದ ಮೇಲೆ ಉರುಳಾಡುವುದಕ್ಕೂ ದುಡಿಯುವವರ ವಾರಪತ್ರಿಕೆಯ ಸಂಪಾದಕೀಯಕ್ಕೂ ಏನು ಸಂಬಂಧವೆಂದು ಕೆಲವು ಮಿತ್ರರು ಕೇಳಿಯಾರು. ಸಂಬಂಧವಿದೆ. ಎಲ್ಲಿ ಒಬ್ಬನ ಮೈ ದುಡಿಯುತ್ತದೆಯೋ, ಎಲ್ಲಿ ಆ ದುಡಿಮೆಯನ್ನು ನೋಡಲು ಜನ ಹಣ ಕೊಟ್ಟು ಕೂರುತ್ತಾರೆಯೋ, ಎಲ್ಲಿ ಆ ಹಣ ಮೂರನೆಯವನ ಕೈಯಿಂದ ಹಾದು ಹೋಗುತ್ತದೆಯೋ, ಅಲ್ಲೆಲ್ಲ ಕೂಲಿಯ ಪ್ರಶ್ನೆ ಇದ್ದೇ ಇದೆ. ಅದು ಜವಳಿ ಗಿರಣಿಯಾದರೂ ಒಂದೇ, ಕುಸ್ತಿಯ ಕಣವಾದರೂ ಒಂದೇ.

2024ರ ಆಗಸ್ಟ್ ತಿಂಗಳಲ್ಲಿ ಅಮೇರಿಕದ ಲಾಸ್ ವೇಗಸ್ ಪಟ್ಟಣದಲ್ಲಿ ಒಂದು ವಿಚಿತ್ರ ನಡೆಯಿತು. ಜಿಯು-ಜಿತ್ಸು ಎಂಬ ಕುಸ್ತಿಯ ಎರಡು ದೊಡ್ಡ ಕೂಟಗಳು ಒಂದೇ ವಾರದ ಕೊನೆಯಲ್ಲಿ, ಒಂದೇ ಊರಿನಲ್ಲಿ, ಒಂದಕ್ಕೊಂದು ಎದುರಾಗಿ ನಿಂತವು. ಒಂದು, ಅಬುಧಾಬಿಯ ರಾಜಮನೆತನದ ಶೇಖ್ ತಹ್ನೂನ್ ಬಿನ್ ಜಾಯೇದ್ ಅವರು 1998ರಲ್ಲಿ ಆರಂಭಿಸಿದ ಎ.ಡಿ.ಸಿ.ಸಿ. ಕೂಟ. ಇನ್ನೊಂದು, ಆ ಕೂಟದಲ್ಲೇ 2019ರಲ್ಲಿ ಮತ್ತು 2022ರಲ್ಲಿ ಎರಡನೆಯ ಸ್ಥಾನ ಪಡೆದಿದ್ದ ಕ್ರೇಗ್ ಜೋನ್ಸ್ ಎಂಬ ಆಸ್ಟ್ರೇಲಿಯದ ಜಟ್ಟಿ ಸಿಟ್ಟಿಗೆದ್ದು ಹೂಡಿದ ಹೊಸ ಕೂಟ. ಸಿಟ್ಟಿಗೆ ಕಾರಣ ಹಣ. ಎ.ಡಿ.ಸಿ.ಸಿ.ಯಲ್ಲಿ ಗಂಡಸರ ಒಂದು ತೂಕದಲ್ಲಿ ಗೆದ್ದವನಿಗೆ ಸಿಗುತ್ತಿದ್ದುದು 10,000 ಡಾಲರು. ವರ್ಷಗಳು ಉರುಳಿದವು, ಭವನಗಳು ದೊಡ್ಡವಾದವು, ಟಿಕೆಟ್ಟಿನ ಬೆಲೆ ಏರಿತು. ಜಟ್ಟಿಯ ಬಹುಮಾನ ಮಾತ್ರ ಏರಲಿಲ್ಲವೆಂಬುದು ಜೋನ್ಸನ ದೂರು. ಆದ್ದರಿಂದ ಆತ ತನ್ನ ಕೂಟಕ್ಕೆ ಬಂದು ಕಣಕ್ಕಿಳಿದ ಪ್ರತಿಯೊಬ್ಬನಿಗೂ, ಮೊದಲ ಸುತ್ತಿನಲ್ಲೇ ಸೋತು ಹೋದರೂ ಸರಿಯೇ, 10,001 ಡಾಲರು ಕೊಡುವುದಾಗಿ ಸಾರಿದ. ಆ ಒಂದು ಡಾಲರನ್ನು ವಾಚಕರು ಗಮನಿಸಬೇಕು. ಅಲ್ಲಿ ಗೆದ್ದವನಿಗೆ ಸಿಗುವುದಕ್ಕಿಂತ ಇಲ್ಲಿ ಸೋತವನಿಗೆ ಒಂದು ಡಾಲರು ಹೆಚ್ಚು! ಇಂಥ ಚುಚ್ಚುಮಾತನ್ನು ನಮ್ಮ ಕಾರ್ಮಿಕ ಸಂಘಗಳ ಯಾವ ಕರಪತ್ರದಲ್ಲೂ ನಾವು ಕಂಡಿಲ್ಲ.

ಇನ್ನು ಗೆದ್ದವರಿಗೆ? ಎರಡು ತೂಕಗಳು, ಒಂದೊಂದರಲ್ಲಿ 16 ಜನ. ಒಂದೊಂದರ ವಿಜೇತನಿಗೆ 10 ಲಕ್ಷ ಡಾಲರು, ಅಂದರೆ ಆಗಿನ ಲೆಕ್ಕದಲ್ಲಿ ನಮ್ಮ ಎಂಟು ಕೋಟಿ ರೂಪಾಯಿಗೂ ಮಿಕ್ಕಿ. ಕೇಡ್ ರುಓಟೊಲೊ ಮತ್ತು ನಿಕ್ ರೊಡ್ರಿಗೆಜ್ ಎಂಬಿಬ್ಬರು ಅದನ್ನು ಹೊತ್ತುಕೊಂಡು ಹೋದರು. ಈ ಹಣ ಎಲ್ಲಿಂದ ಬಂತು? ಹೆಸರು ಹೇಳಲೊಲ್ಲದ ಧನಿಕರು ಕೊಟ್ಟರು ಎಂದಷ್ಟೇ ಲೋಕಕ್ಕೆ ತಿಳಿಯಿತು.

ವಿಷಯದ ಒಳಗೆ ಹೋಗುವ ಮುನ್ನ ಈ ಕುಸ್ತಿ ಎಂಥದೆಂಬುದನ್ನು ಹೇಳಬೇಕು. ಇದರಲ್ಲಿ ಗುದ್ದು ಇಲ್ಲ, ಒದೆ ಇಲ್ಲ. ಎದುರಾಳಿಯನ್ನು ನೆಲಕ್ಕೆ ಕೆಡವಿ, ಮೇಲೇರಿ, ಕುತ್ತಿಗೆ ಒತ್ತಿಯೋ ಕೈಕಾಲಿನ ಕೀಲು ತಿರುಚಿಯೋ ಅವನು ಸೋಲೊಪ್ಪಿ ಕೈ ತಟ್ಟುವಂತೆ ಮಾಡುವುದು ಇದರ ಗುರಿ. ನಮ್ಮ ಗರಡಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಕುಸ್ತಿ ಮುಗಿಯಿತು. ಇಲ್ಲಿ ಬೆನ್ನು ನೆಲಕ್ಕೆ ಹತ್ತಿದ ಮೇಲೆಯೇ ನಿಜವಾದ ಕುಸ್ತಿ ಆರಂಭ. ಕೆಳಗೆ ಬಿದ್ದವನು ಕಾಲುಗಳಿಂದ ಮೇಲಿನವನನ್ನು ಕಟ್ಟಿ ಹಾಕಿ ಅಲ್ಲಿಂದಲೇ ಗೆಲ್ಲಬಹುದು. ಬಡಕಲು ಮೈಯವನೂ ದಾಂಡಿಗನನ್ನು ಮಣಿಸಬಹುದಾದ ವಿದ್ಯೆ ಎಂಬ ಹೆಸರು ಅದಕ್ಕೆ ಬಂದದ್ದು ಹೀಗೆ. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂದು ನಡುಪಟ್ಟಿಗಳ ದರ್ಜೆ ಉಂಟು. ಕಪ್ಪು ಪಟ್ಟಿ ಕಟ್ಟಲು ಸಾಮಾನ್ಯವಾಗಿ ಹತ್ತು ವರ್ಷದ ದುಡಿಮೆ ಬೇಕು. ನಮ್ಮಲ್ಲಿ ಹುಡುಗನೊಬ್ಬ ಒಂದನೆಯ ತರಗತಿಗೆ ಸೇರಿ ಎಸ್.ಎಸ್.ಎಲ್.ಸಿ. ಮುಟ್ಟುವಷ್ಟು ಕಾಲ.

ಈ ವಿದ್ಯೆಯ ಮೂಲ ಜಪಾನು. 1882ರಲ್ಲಿ ಜಿಗೊರೊ ಕಾನೊ ಎಂಬವರು ಹಳೆಯ ಜುಜುತ್ಸುವನ್ನು ತಿದ್ದಿ ಜೂಡೊ ಎಂಬ ಶಿಕ್ಷಣಕ್ರಮವನ್ನು ಕಟ್ಟಿದರು. ಅವರು ವೃತ್ತಿಯಿಂದ ಉಪಾಧ್ಯಾಯರು. ಶಿಕ್ಷಕರನ್ನು ತಯಾರಿಸುವ ದೊಡ್ಡ ಶಾಲೆಗೆ ಮುಖ್ಯಸ್ಥರಾಗಿದ್ದವರು. ಮೇಷ್ಟರ ಕೈಯಿಂದ ಹುಟ್ಟಿದ ಕುಸ್ತಿಯೆಂದು, ಒಂದು ಕಾಲಕ್ಕೆ ಸೀಮೆಸುಣ್ಣ ಹಿಡಿದಿದ್ದ ನಮಗೆ ಇದರ ಮೇಲೆ ಸ್ವಲ್ಪ ಅಭಿಮಾನ ಇದ್ದರೆ ವಾಚಕರು ಕ್ಷಮಿಸಬೇಕು. ಅವರ ಶಾಲೆಯಲ್ಲಿ ಕಲಿತ ಮಿತ್ಸುಯೊ ಮಾಯೆದಾ ಎಂಬವನು ದೇಶದೇಶ ಸುತ್ತಿ, ಹಣ ಕಟ್ಟಿ ಕುಸ್ತಿ ಹಿಡಿದು, 1914ರಲ್ಲಿ ಬ್ರೆಜಿಲಿಗೆ ಬಂದು ಬೆಲೆಮ್ ಎಂಬ ಊರಿನಲ್ಲಿ ನೆಲೆಸಿದ. ಅಲ್ಲಿ ಅವನಿಂದ ಕಾರ್ಲೊಸ್ ಗ್ರೇಸಿ ಎಂಬ ಹುಡುಗ ಕಲಿತ. ಕಾರ್ಲೊಸ್ ಮತ್ತು ಅವನ ತಮ್ಮ ಹೇಲಿಯೊ ರಿಯೊ ಡಿ ಜನೈರೊ ನಗರದಲ್ಲಿ ಅದನ್ನು ಬೆಳೆಸಿದರು. ಇಂದು ಲೋಕವೆಲ್ಲ ಬ್ರೆಜಿಲಿನ ಜಿಯು-ಜಿತ್ಸು ಎಂದು ಕರೆಯುವುದು ಇದನ್ನೇ.

ಆದರೆ ವಿದ್ಯೆ ಮನೆತನದ ಸ್ವತ್ತಾದ ಮೇಲೆ ಏನಾಗುತ್ತದೆಂಬುದನ್ನು ನಮ್ಮ ದೇಶದ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಗ್ರೇಸಿಗಳ ಶಾಲೆ ರಿಯೊ ನಗರದ ಉಳ್ಳವರ ಶಾಲೆಯಾಗಿತ್ತು. ಅದೇ ನಗರದ ಹೊರವಲಯದಲ್ಲಿ, ರೈಲು ಹಳಿಗಳಾಚೆಯ ಬಡ ಬಡಾವಣೆಗಳಲ್ಲಿ, ಒಸ್ವಾಲ್ಡೊ ಫಡ್ಡಾ ಎಂಬ ಇನ್ನೊಬ್ಬ ಗುರು ಇದ್ದ. ಈತ ಮಾಯೆದಾನ ಇನ್ನೊಬ್ಬ ಶಿಷ್ಯ ಲೂಯಿಜ್ ಫ್ರಾನ್ಸಾನಿಂದ ಕಲಿತವನು. ಹಣವಿಲ್ಲದವರಿಗೆ ಪುಕ್ಕಟೆಯಾಗಿ ಕಲಿಸಿದ. 1950ರ ದಶಕದಲ್ಲಿ ಫಡ್ಡಾನ ಹುಡುಗರು ಗ್ರೇಸಿ ಶಾಲೆಗೇ ಸವಾಲು ಹಾಕಿ ಹೋಗಿ ಗೆದ್ದು ಬಂದರು. ಗೆದ್ದದ್ದು ಪಾದದ ಪಟ್ಟಿನಿಂದ. ಸೋತವರ ಕಡೆಯವರು ಆ ಪಟ್ಟಿಗೆ ಇಟ್ಟ ಹೆಸರೇನು ಗೊತ್ತೆ? ‘ಚಮ್ಮಾರನ ಪಟ್ಟು’! ಪಾದ ಹಿಡಿಯುವುದು ಚಮ್ಮಾರನ ಕೆಲಸವಂತೆ, ಸಭ್ಯಸ್ಥರದಲ್ಲವಂತೆ. ಜಾತಿ ಎಂಬುದು ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿದವರು ಇದನ್ನು ಎರಡು ಸಲ ಓದಲಿ. ಇಂದು ದೊಡ್ಡ ಕೂಟಗಳಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವುದು ಅದೇ ಕಾಲಿನ ಪಟ್ಟುಗಳು. 10 ಲಕ್ಷ ಡಾಲರಿನ ಕೂಟ ಹೂಡಿದ ಜೋನ್ಸನಿಗೆ ಹೆಸರು ತಂದದ್ದೂ ಅವೇ.

ಇನ್ನೊಂದು ಪ್ರಸಂಗವನ್ನೂ ಹೇಳದಿದ್ದರೆ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ವಾಲ್ದೆಮಾರ್ ಸಾಂತಾನ ಎಂಬ ಕಪ್ಪು ಜನಾಂಗದ ಯುವಕ ಗ್ರೇಸಿ ಶಾಲೆಯಲ್ಲಿ ಕಲಿಯುತ್ತ ಅಲ್ಲಿಯೇ ಕೆಲಸಕ್ಕೂ ಇದ್ದವನು. ಜಗಳವಾಗಿ ಹೊರಬಿದ್ದ. 1955ರಲ್ಲಿ ಅವನಿಗೂ ಹೇಲಿಯೊ ಗ್ರೇಸಿಗೂ ಕಾಳಗ ನಡೆಯಿತು. ಮೂರೂವರೆ ಗಂಟೆಗೂ ಮಿಕ್ಕಿ ಎಡೆಬಿಡದೆ ಹೊಡೆದಾಡಿದರು. ಕಡೆಗೆ ಬಿದ್ದವನು ಹೇಲಿಯೊ. ಕೆಲಸದಾಳು ದಣಿಯನ್ನು ಕೆಡವಿದ ಆ ಸಂಜೆ ರಿಯೊ ನಗರದ ಬಡ ಕೇರಿಗಳಲ್ಲಿ ಏನು ಮಾತು ನಡೆದಿರಬಹುದೆಂದು ನಾವು ಊಹಿಸಬಲ್ಲೆವು.

ಹಣದ ಮಾತಿಗೆ ಮರಳೋಣ. 1993ರಲ್ಲಿ ಅಮೇರಿಕದ ಡೆನ್ವರ್ ನಗರದಲ್ಲಿ ಯಾವ ವಿದ್ಯೆಯವನು ಬೇಕಾದರೂ ಇಳಿಯಬಹುದಾದ ಹೊಡೆದಾಟವೊಂದು ನಡೆದಾಗ ಹೇಲಿಯೊನ ಮಗ ರೊಯ್ಸ್ ಗ್ರೇಸಿ ತನಗಿಂತ ದಪ್ಪನೆಯವರನ್ನೆಲ್ಲ ಮಣಿಸಿ 50,000 ಡಾಲರು ಗೆದ್ದ. ಅಲ್ಲಿಂದ ಜಿಯು-ಜಿತ್ಸುವಿಗೆ ಶುಕ್ರದೆಸೆ. ಅಮೇರಿಕದಲ್ಲಿ ಓದುತ್ತಿದ್ದ ಶೇಖ್ ತಹ್ನೂನರಿಗೆ ಈ ಕುಸ್ತಿಯ ಹುಚ್ಚು ಹಿಡಿದದ್ದೂ ಆ ಕಾಲದಲ್ಲೇ. ಅವರು ಊರಿಗೆ ಮರಳಿ ಎ.ಡಿ.ಸಿ.ಸಿ. ನಡೆಸಿದರು. 2008ರಲ್ಲಿ ಅಬುಧಾಬಿಯ ಶಾಲೆಗಳಲ್ಲಿ ಜಿಯು-ಜಿತ್ಸು ಪಾಠವೇ ಆಯಿತು. ಕಲಿಸಲು ಬ್ರೆಜಿಲಿನಿಂದ ನೂರಾರು ತರಬೇತುದಾರರನ್ನು ಕರಾರಿನ ಮೇಲೆ ಕರೆಸಿಕೊಂಡರು. 2009ರಲ್ಲಿ ಹಣದ ಬಹುಮಾನವುಳ್ಳ ವೃತ್ತಿಪರ ಜಗತ್‌ಕೂಟ ಆರಂಭವಾಯಿತು. 2015ರಿಂದ ಅದಕ್ಕೆ ಸರಣಿಯ ರೂಪ ಬಂದು ಟೋಕಿಯೊ, ಲಾಸ್ ಏಂಜಲಿಸ್, ರಿಯೊ, ಲಂಡನ್, ಅಬುಧಾಬಿ ಮುಂತಾದ ನಗರಗಳಲ್ಲಿ ಒಂದಾದ ಮೇಲೊಂದು ಕೂಟ; ಪ್ರತಿಯೊಂದರಲ್ಲೂ ಬಹುಮಾನದ ಹಣ, ಅಂಕಗಳು, ವರ್ಷದ ಕೊನೆಗೆ ಶ್ರೇಯಾಂಕ. ಏಷ್ಯಾದ ಕ್ರೀಡಾಕೂಟದಲ್ಲಿ 2018ರಲ್ಲಿ ಜಕಾರ್ತದಲ್ಲಿ ಈ ಕುಸ್ತಿ ಸೇರಿತು; 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಭಾರತದವರೂ ಕಣಕ್ಕಿಳಿದರು.

ಶೇಖರ ಹಣದಿಂದ ಒಳಿತಾಗಲಿಲ್ಲವೆ? ಆಯಿತು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊದಲ ವರ್ಷಗಳಲ್ಲಿ ಊರೂರುಗಳ ಆಯ್ಕೆಯಲ್ಲಿ ಗೆದ್ದವನಿಗೆ ಅಬುಧಾಬಿಗೆ ಹೋಗುವ ವಿಮಾನದ ಚೀಟಿ ಮತ್ತು ಅಲ್ಲಿನ ವಸತಿ ಬಹುಮಾನವಾಗಿ ಸಿಗುತ್ತಿತ್ತು. ರಿಯೊ ನಗರದ ಗುಡ್ಡದ ಕೊಳೆಗೇರಿಯ ಹುಡುಗನೊಬ್ಬ ತನ್ನ ಕೈಕಾಲು ಬಿಟ್ಟು ಬೇರೇನೂ ಬಂಡವಾಳವಿಲ್ಲದೆ ಸಮುದ್ರ ದಾಟಬಹುದಾಗಿತ್ತು. ಇದಕ್ಕೆ ಪ್ರತಿಯಾಗಿ ಗ್ರೇಸಿ ಮನೆತನದವರೇ ಕಟ್ಟಿದ ಐ.ಬಿ.ಜೆ.ಜೆ.ಎಫ್. ಎಂಬ ಸಂಸ್ಥೆಯ ಜಗತ್‌ಕೂಟವನ್ನು ನೋಡಿ. 1996ರಲ್ಲಿ ರಿಯೊದಲ್ಲಿ ಆರಂಭವಾಗಿ 2007ರಲ್ಲಿ ಕ್ಯಾಲಿಫೋರ್ನಿಯಕ್ಕೆ ವಲಸೆ ಹೋದ ಈ ಕೂಟದಲ್ಲಿ ಬಹುಕಾಲ ಗೆದ್ದವನಿಗೆ ಸಿಕ್ಕಿದ್ದು ಪದಕ ಮಾತ್ರ. ಅದಕ್ಕೂ ಮೊದಲು ಜಟ್ಟಿಯೇ ಪ್ರವೇಶ ಶುಲ್ಕ ಕಟ್ಟಬೇಕು, ಸದಸ್ಯತ್ವದ ಶುಲ್ಕ ಕಟ್ಟಬೇಕು, ವಿಮಾನದ ಹಣ, ಊಟದ ಹಣ ತಾನೇ ಹೊಂದಿಸಬೇಕು. ಗಿರಣಿಯ ಬಾಗಿಲಲ್ಲಿ ಕೂಲಿಕಾರನು ಒಳಗೆ ಬರಲು ಮಾಲೀಕನಿಗೆ ಹಣ ಕೊಡುವ ವ್ಯವಸ್ಥೆ ಯಾವ ದೇಶದಲ್ಲಿದೆ? ಇಲ್ಲಿದೆ. ಸಾವಿರಾರು ಜನ ಕಟ್ಟುವ ಶುಲ್ಕವೇ ಇಂಥ ಕೂಟಗಳ ಜೀವಾಳ. ಟಿಕೆಟ್ಟು ಕೊಂಡು ಬರುವವರಲ್ಲಿಯೂ ಬಹುಪಾಲು ಆ ಜಟ್ಟಿಗಳ ನಂಟರು, ಶಿಷ್ಯರು, ಸಹಪಾಠಿಗಳು.

ಆದರೆ ಶೇಖರ ಔದಾರ್ಯಕ್ಕೂ ಒಂದು ಎಲ್ಲೆ ಇದೆ. ಆ ಎಲ್ಲೆ ಜಟ್ಟಿಯ ಕಣದ ಹೊರಗೆ ಸ್ಪಷ್ಟವಾಗಿ ಕಾಣುತ್ತದೆ. ಆ ನಾಡಿನ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಪಾಲು ಹೊರನಾಡಿನವರು. ಅವರಲ್ಲಿ ನಮ್ಮ ಕರಾವಳಿಯ, ಭಟ್ಕಳದ, ಮಂಗಳೂರು ಉಡುಪಿ ಕಡೆಯ ಸಾವಿರಾರು ಮನೆಗಳ ಮಕ್ಕಳೂ ಇದ್ದಾರೆ. ಆ ಭವನಗಳನ್ನು ಎತ್ತಿದವರು, ಅವುಗಳ ನೆಲ ಒರೆಸುವವರು ಇಂಥವರೇ. ಅಲ್ಲಿ ಕಾರ್ಮಿಕ ಸಂಘ ಕಟ್ಟುವ ಹಕ್ಕಿಲ್ಲ, ಮುಷ್ಕರ ಹೂಡುವ ಹಕ್ಕಿಲ್ಲ. ಕರಾರಿನ ಮೇಲೆ ಬಂದ ಬ್ರೆಜಿಲಿನ ತರಬೇತುದಾರನೂ ಇದೇ ಕಾನೂನಿಗೆ ಒಳಪಟ್ಟವನು. ಸಂಬಳ ಚೆನ್ನಾಗಿರಬಹುದು, ಕೇಳುವ ಬಾಯಿ ಇಲ್ಲ. ದಾನವಾಗಿ ಬಂದದ್ದು ದಾನಿಯ ಮನಸ್ಸು ತಿರುಗಿದ ದಿನ ನಿಲ್ಲುತ್ತದೆ. ಅಷ್ಟೇ ಅಲ್ಲ, ಲಾಸ್ ವೇಗಸ್ಸಿನ ಹೆಸರಿಲ್ಲದ ಧನಿಕನ ಹಣಕ್ಕೂ ಇದೇ ಮಾತು ಸಲ್ಲುತ್ತದೆ. ಶೇಖರ ಹೆಸರಾದರೂ ನಮಗೆ ಗೊತ್ತು.

ಈಗ ಲೆಕ್ಕ ನೋಡೋಣ; ಮೇಷ್ಟರ ಹಳೆಯ ಚಟ. 2022ರ ಎ.ಡಿ.ಸಿ.ಸಿ.ಯಲ್ಲಿ ಗಂಡಸರ ಒಂದು ತೂಕದಲ್ಲಿ 16 ಜನ. ಮೊದಲನೆಯವನಿಗೆ 10,000, ಎರಡನೆಯವನಿಗೆ 5,000, ಮೂರನೆಯವನಿಗೆ 3,000, ನಾಲ್ಕನೆಯವನಿಗೆ 1,000 ಡಾಲರು. ಒಟ್ಟು 19,000. ಉಳಿದ 12 ಜನ ಬರಿಗೈ. ಐದು ತೂಕಗಳಲ್ಲಿ 80 ಜನ ಕಣಕ್ಕಿಳಿದರೆ 60 ಜನ ಬರಿಗೈಯಲ್ಲಿ ಮನೆಗೆ. ಇವರು ಯಾರೋ ದಾರಿಹೋಕರಲ್ಲ; ಲೋಕದ ಆಯ್ದ ಜಟ್ಟಿಗಳು, ಹಲವರು ಖಂಡಖಂಡಗಳ ಆಯ್ಕೆಯಲ್ಲಿ ಗೆದ್ದು ಬಂದವರು. ಹೆಂಗಸರ ಪಾಡು ಇನ್ನೂ ಕಡೆ. 2022ರ ಕೂಟದಲ್ಲಿ ಗೆದ್ದ ಗಂಡಸಿಗೆ 10,000, ಗೆದ್ದ ಹೆಂಗಸಿಗೆ 6,000. ಅವಳ ಎದುರಾಳಿ ಅವಳ ಮೊಣಕಾಲನ್ನು ಹತ್ತಕ್ಕೆ ಆರರಷ್ಟು ಮಾತ್ರ ತಿರುಚುತ್ತಾಳೆಯೆ?

ಜೋನ್ಸನ ಕೂಟವನ್ನೂ ಇದೇ ತಕ್ಕಡಿಗೆ ಹಾಕಬೇಕು. ಬಂದವರೆಲ್ಲರಿಗೂ 10,001 ಎಂಬುದು ನಿಜಕ್ಕೂ ದೊಡ್ಡ ಹೆಜ್ಜೆ. ಏಕೆಂದರೆ ಅದು ಬಹುಮಾನವಲ್ಲ, ಕೂಲಿ. ಗೆಲುವಿಗೆ ಕೊಡುವುದು ಬೇರೆ, ಕೆಲಸಕ್ಕೆ ಕೊಡುವುದು ಬೇರೆ. ಸೋತವನಿಲ್ಲದೆ ಗೆದ್ದವನಿಲ್ಲ, ಇಬ್ಬರೂ ಇಲ್ಲದೆ ಆಟವಿಲ್ಲ ಎಂಬ ಸರಳ ಸತ್ಯವನ್ನು ಮೊದಲ ಬಾರಿಗೆ ಹಣದ ಭಾಷೆಯಲ್ಲಿ ದೊಡ್ಡದಾಗಿ ಹೇಳಿದ ಕೀರ್ತಿ ಅವನದು. ಆದರೆ ಉಳಿದ 20 ಲಕ್ಷ ಡಾಲರು ಹೋದದ್ದು ಇಬ್ಬರ ಜೇಬಿಗೆ. ಅದನ್ನೇ 32 ಜನಕ್ಕೆ ಹಂಚಿದ್ದರೆ ತಲೆಗೆ 62,500 ಬರುತ್ತಿತ್ತು. ಸಮನಾಗಿ ಹಂಚಿದರೆ ಗೆಲ್ಲುವ ಹುಮ್ಮಸ್ಸು ಎಲ್ಲಿ ಉಳಿಯಿತು ಎಂದು ಕೇಳುವವರಿದ್ದಾರೆ. ಸಮನಾಗಿಯೇ ಹಂಚಿರೆಂದು ನಾವೂ ಹೇಳುತ್ತಿಲ್ಲ. ಗೆದ್ದವನಿಗೆ ಹೆಚ್ಚು ಸಿಗಲಿ. ಆದರೆ ಕೊನೆಯ ಸುತ್ತಿನಲ್ಲಿ ಕೂದಲೆಳೆಯಲ್ಲಿ ಸೋತವನಿಗೂ ಗೆದ್ದವನಿಗೂ ನೂರು ಪಟ್ಟಿನ ಅಂತರ ಯಾವ ಧರ್ಮ? ಇದು ಲಾಟರಿಯ ಲೆಕ್ಕ. ಲಾಟರಿಯಲ್ಲಿ ಒಬ್ಬನ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಚೀಟಿ ಕೊಂಡ ಉಳಿದವರು ಮುಂದಿನ ವಾರ ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಇನ್ನು ಹೆಂಗಸರಿಗೆ 2024ರಲ್ಲಿ ಆ 10 ಲಕ್ಷದ ಕಣವೇ ಇರಲಿಲ್ಲ. 2025ರಲ್ಲಿ ಅದೇ ಕೂಟ ಮತ್ತೆ ನಡೆದಾಗ ತಂಡಗಳ ಕಾಳಗಕ್ಕೆ 10 ಲಕ್ಷ. ಹೆಂಗಸರಿಗೆ ನಾಲ್ವರ ಕಣವೊಂದು, ಅದಕ್ಕೆ 1 ಲಕ್ಷ. ಬಂದಿತಲ್ಲ ಎಂದು ಸಂತೋಷಪಡಬೇಕೋ, ಹತ್ತರಲ್ಲೊಂದು ಪಾಲೆ ಎಂದು ಕೇಳಬೇಕೋ, ವಾಚಕಿಯರೇ ಹೇಳಲಿ.

ಭವನದ ಬಾಡಿಗೆ, ದೀಪ, ಪ್ರಸಾರ ಇವುಗಳಿಗೆ ಹಣ ಸುರಿದರೇ ಆಟಕ್ಕೆ ಗೌರವ ಬರುವುದು, ಆಮೇಲೆ ಜಟ್ಟಿಗೂ ಸಿಗುತ್ತದೆ ಎಂಬ ವಾದವೊಂದಿದೆ. ಈ ‘ಆಮೇಲೆ’ ಎಂಬ ಮಾತನ್ನು ನಾವು ಬಹಳ ಕಾಲದಿಂದ ಬಲ್ಲೆವು. ಮೊದಲು ಕಾರಖಾನೆ ಬೆಳೆಯಲಿ, ಆಮೇಲೆ ಕೂಲಿ. ಮೊದಲು ಅಣೆಕಟ್ಟು ಏಳಲಿ, ಆಮೇಲೆ ಮುಳುಗಿದವನಿಗೆ ಭೂಮಿ.

ಜಟ್ಟಿ ಬದುಕುವುದು ಹೇಗೆ ಎಂಬುದನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬೆರಳೆಣಿಕೆಯ ಕೆಲವರನ್ನು ಬಿಟ್ಟರೆ ಬಹುಮಾನದಿಂದ ಸಂಸಾರ ನಡೆಸುವವರಿಲ್ಲ. ಬೆಳಿಗ್ಗೆ ಸಂಜೆ ಪಾಠ ಹೇಳಬೇಕು. ಊರೂರು ತಿರುಗಿ ಶಿಬಿರ ನಡೆಸಬೇಕು. ಪಾಠ ಹೇಳಲು ಮೊಣಕಾಲು ಗಟ್ಟಿಯಿರಬೇಕು. ಹಿಮ್ಮಡಿಯನ್ನು ತಿರುಚಿ ಮೊಣಕಾಲಿನ ನರಗಳನ್ನು ಹರಿಯುವ ಪಟ್ಟು ಎ.ಡಿ.ಸಿ.ಸಿ.ಯಂಥ ಕೂಟಗಳಲ್ಲಿ ನಿಯಮಬದ್ಧ. ಅರ್ಧ ಕ್ಷಣ ತಡವಾಗಿ ಕೈ ತಟ್ಟಿದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ. ಆ ತಿಂಗಳುಗಳಲ್ಲಿ ಪಾಠವಿಲ್ಲ, ಪಾಠವಿಲ್ಲದೆ ಅಕ್ಕಿಯಿಲ್ಲ. ಬಹುಮಾನದ ಮೊತ್ತವನ್ನು ಗೋಡೆಯಷ್ಟು ಅಗಲದ ಅಕ್ಷರದಲ್ಲಿ ಸಾರುವವರು ಆಸ್ಪತ್ರೆಯ ಖರ್ಚನ್ನು ಯಾರು ಕೊಡುತ್ತಾರೆಂಬುದನ್ನು ಯಾವ ಅಕ್ಷರದಲ್ಲಿ ಬರೆಯುತ್ತಾರೆ ಎಂಬುದನ್ನು ಹುಡುಕಿ ನೋಡಬೇಕು.

ಹಾಗಾದರೆ ಚಾಂಪಿಯನ್ನರು ಎಲ್ಲಿಂದ ಬರುತ್ತಾರೆ? ಎಂಟು ಬಾರಿ ಜಗತ್ತನ್ನೇ ಗೆದ್ದ, ಐದು ಬೇರೆ ಬೇರೆ ತೂಕಗಳಲ್ಲಿ ಗೆದ್ದ, 2022ರಲ್ಲಿ ಸಾವೊ ಪೌಲೊ ನಗರದಲ್ಲಿ ಗುಂಡೇಟಿಗೆ ಬಲಿಯಾದ ಲಿಯಾಂಡ್ರೊ ಲೊ ಬೆಳೆದದ್ದು ಆ ನಗರದ ಬಡ ಮಕ್ಕಳಿಗಾಗಿ ಸಿಸೆರೊ ಕೋಸ್ತಾ ಎಂಬ ಗುರು ನಡೆಸುವ ಉಚಿತ ಗರಡಿಯಲ್ಲಿ. ರಿಯೊದ ಕಾಂತಗಾಲೊ ಗುಡ್ಡದ ಕೊಳೆಗೇರಿಯಲ್ಲಿ ಹುಟ್ಟಿ ಜಗತ್‌ಚಾಂಪಿಯನ್ ಆದ ಫೆರ್ನಾಂಡೊ ತೆರೆರೆ ಅದೇ ಗುಡ್ಡದ ಮಕ್ಕಳಿಗೆ ಪುಕ್ಕಟೆಯಾಗಿ ಕಲಿಸಲು ನಿಂತ. ಶೇಖರ ಬೊಕ್ಕಸವೂ ಅಲ್ಲ, ಲಾಸ್ ವೇಗಸ್ಸಿನ ಗುಪ್ತ ದಾನಿಯೂ ಅಲ್ಲ. ಫಡ್ಡಾ ಹಾಕಿದ ದಾರಿಯಲ್ಲಿ ನಡೆದ ಇಂಥವರ ಚಾಪೆಗಳ ಮೇಲೆ ಜಟ್ಟಿಗಳು ತಯಾರಾಗುತ್ತಾರೆ. ತಯಾರಾದ ಮೇಲೆ ದೊಡ್ಡವರು ಬಂದು ಆರಿಸಿಕೊಂಡು ಹೋಗುತ್ತಾರೆ. ಬೆಳೆದವನೊಬ್ಬ, ಮಂಡಿಯಲ್ಲಿ ಲಾಭ ಮಾಡಿಕೊಂಡವನು ಇನ್ನೊಬ್ಬ. ಕೂಟಗಳ ಆದಾಯದಲ್ಲಿ ಒಂದು ಪಾಲು ಈ ಉಚಿತ ಗರಡಿಗಳಿಗೆ ಹಕ್ಕಾಗಿ ಹೋಗಬೇಕೆಂದು ಯಾರೂ ಕಾನೂನು ಮಾಡಿಲ್ಲ.

ಜಟ್ಟಿಗಳು ಒಂದಾಗಿ ಕೇಳಲಾರರೆ? ಕಷ್ಟವಿದೆ. ಇದು ಒಬ್ಬೊಬ್ಬನೇ ಆಡುವ ಆಟ. ಎದುರಿಗೆ ನಿಂತವನ ಕುತ್ತಿಗೆ ಹಿಡಿಯಬೇಕಾದವನು ನಾಳೆ ಅವನ ಪಕ್ಕದಲ್ಲಿ ಕೂತು ಬೇಡಿಕೆಪತ್ರ ಬರೆಯಬೇಕು. ಗುರುಗಳ ಮನೆತನಗಳ ಪೈಪೋಟಿ ಬೇರೆ. ಶಿಷ್ಯನು ಶಾಲೆ ಬದಲಿಸಿದರೆ ದ್ರೋಹಿ ಎಂದು ಕರೆಯುವ ಸಂಪ್ರದಾಯ ಬ್ರೆಜಿಲಿನಲ್ಲಿ ಹಳೆಯದು. ಇಷ್ಟಾದರೂ 2024ರಲ್ಲಿ ಹೆಸರಾಂತ ಜಟ್ಟಿಗಳು ಹಲವರು ಶೇಖರ ಕೂಟ ಬಿಟ್ಟು ಹೊಸ ಕೂಟಕ್ಕೆ ನಡೆದದ್ದು ಒಂದು ಬಗೆಯ ಮುಷ್ಕರವೇ. ಸಂಘವಿಲ್ಲದೆ ನಡೆದ ಮುಷ್ಕರ. ಇನ್ನೊಬ್ಬ ಧನಿಕನ ಬೆಂಬಲದಿಂದ ನಡೆದ ಮುಷ್ಕರ ಎಂಬುದು ಅದರ ದೌರ್ಬಲ್ಯ.

ಬೆಂಗಳೂರಿನಲ್ಲಿ ಈ ವಿದ್ಯೆ ಕಲಿಸುವ ಶಾಲೆಗಳು ಈಗ ಇವೆ. ನಾಳೆ ನಮ್ಮ ಜಿಲ್ಲೆಯ ಗರಡಿಯ ಹುಡುಗನೊಬ್ಬ ಇಂಥ ಹಣದ ಕೂಟಕ್ಕೆ ಹೊರಟು ನಿಂತರೆ ಊರವರು ಚಂದಾ ಎತ್ತುತ್ತಾರೆ, ಹಾರ ಹಾಕುತ್ತಾರೆ, ತಂದೆ ಎತ್ತು ಮಾರಿಯಾನು. ಬೇಡವೆಂದು ನಾವು ಹೇಳುವುದಿಲ್ಲ. ಹೋಗಲಿ, ಗೆದ್ದು ಬರಲಿ. ಆದರೆ ಹಾರ ಹಾಕುವ ಮುನ್ನ ಕೂಟದವರಿಂದ ಕಾಗದದ ಮೇಲೆ ಉತ್ತರ ತರಿಸಿಕೊಳ್ಳಲಿ: ಪ್ರವೇಶ ಶುಲ್ಕ ಎಷ್ಟು, ಮೊದಲ ಸುತ್ತಿನಲ್ಲಿ ಸೋತರೆ ಮರಳುವ ಖರ್ಚು ಯಾರದು, ಸಾರಿದ ಬಹುಮಾನ ಪೂರ್ತಿ ಕೈಗೆ ಬರುತ್ತದೆಯೋ, ತೆರಿಗೆ ಕಳೆದು ಬರುತ್ತದೆಯೋ, ಯಾವ ತಿಂಗಳಲ್ಲಿ ಬರುತ್ತದೆ, ಮೊಣಕಾಲು ಮುರಿದರೆ ಆಸ್ಪತ್ರೆಯ ಬಿಲ್ಲು ಯಾರ ಹೆಸರಿಗೆ. ಉತ್ತರ ಬಂದರೆ ಅದನ್ನು ಈ ಪತ್ರಿಕೆಗೂ ಕಳುಹಿಸಲಿ. ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.